ಮಸೂದೆಯನ್ನೂ ಲೆಕ್ಕವನ್ನೂ ಕೂತು ಓದುವ ಕೆಲಸ

(ರಾಯಚೂರಿನಲ್ಲಿ ಪದವಿ ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿ ಸದಸ್ಯರು ಮತ್ತು ರೈತ ಸಂಘಟನೆಗಳ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪ್ರಶ್ನೋತ್ತರದ ಕೆಲವು ಭಾಗವನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಸೂದೆಗಳನ್ನೂ ಸರ್ಕಾರದ ಲೆಕ್ಕವನ್ನೂ ಕೂತು ಓದುವ ಸಂಸತ್ತಿನ ಸಮಿತಿಗಳ ಬಗ್ಗೆ ಮಾತನಾಡಲು ಬಂದಿದ್ದೇನೆ.

ಉದ್ಯೋಗ ಖಾತ್ರಿ ಯೋಜನೆಗೆ 2006ರ ಫೆಬ್ರವರಿ 2ರಂದು ಚಾಲನೆ ಸಿಕ್ಕಿದ್ದು ಬಳ್ಳಾರಿಗೆ ಹೊಂದಿಕೊಂಡಿರುವ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಮೊದಲ ಹಂತಕ್ಕೆ ದೇಶದ 200 ಜಿಲ್ಲೆಗಳನ್ನು ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಲ್ಲಿರುವ ಹಲವರು ಆ ಕಾಯ್ದೆಯಡಿ ಕೆರೆಯ ಹೂಳು ಎತ್ತಿದ್ದೀರಿ, ಹೊಲಗಳಿಗೆ ಬದು ಹಾಕಿದ್ದೀರಿ, ಎನ್‌ಎಂಆರ್ (ಕೂಲಿಯ ಹಾಜರಿ ಪಟ್ಟಿ) ತೆಗೆಯಿರಿ ಎಂದು ಪಂಚಾಯಿತಿಯ ಮುಂದೆ ಧರಣಿ ಕೂತಿದ್ದೀರಿ. ಈ ಕಾಯ್ದೆಯ ಮಸೂದೆ 2004ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದಾಗ ಅದರಲ್ಲಿ ಏನಿತ್ತು ಎಂಬಲ್ಲಿಂದ ಇಂದಿನ ಮಾತನ್ನು ಆರಂಭಿಸುತ್ತೇನೆ.

ಆ ಮಸೂದೆ ಕೆಲಸದ ಹಕ್ಕು ಕೊಟ್ಟಿದ್ದು ಹಳ್ಳಿಗಳ ಬಡ ಕುಟುಂಬಗಳಿಗೆ ಮಾತ್ರ. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಯಾರು ಬಡವರೆಂದು ತೀರ್ಮಾನಿಸುವುದು ಹೊಟ್ಟೆಯ ಹಸಿವಲ್ಲ, ಸರ್ಕಾರಿ ಪಟ್ಟಿ. ದೇವದುರ್ಗದ ಕಡೆಯ ಒಂದು ಕುಟುಂಬ ಗುಳೆ ಹೋಗಿರುವಾಗ ಸಮೀಕ್ಷೆಯವರು ಬಂದರೆ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಹೆಸರು ಪಟ್ಟಿಯಲ್ಲಿ ಸೇರುವುದಿಲ್ಲ. ಯಾರ ಗುಳೆ ತಪ್ಪಿಸಲು ಕಾಯ್ದೆ ಬರುತ್ತಿತ್ತೋ ಅವರೇ ಹೊರಗುಳಿಯುವ ಸಾಧ್ಯತೆ ಆ ಎರಡಕ್ಷರದ ವಿಶೇಷಣದಲ್ಲಿ ಅಡಗಿತ್ತು.

ಮಸೂದೆಯನ್ನು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಗೆ, ಅಂದರೆ ಎಲ್ಲ ಪಕ್ಷಗಳ ಸಂಸದರು ಕೂತು ಪರಿಶೀಲಿಸುವ ಸಮಿತಿಗೆ, ಕಳಿಸಿದರು. ಆಗ ದೆಹಲಿಯಲ್ಲಿ ಇದ್ದದ್ದು ಯುಪಿಎ ಸರ್ಕಾರ. ಸಮಿತಿಯ ಅಧ್ಯಕ್ಷರು ಬಿಜೆಪಿಯ ಕಲ್ಯಾಣ್ ಸಿಂಗ್. ಸಮಿತಿ ತಿಂಗಳುಗಟ್ಟಲೆ ಕೂತು, ಅಧಿಕಾರಿಗಳನ್ನೂ ತಜ್ಞರನ್ನೂ ಕರೆಸಿ ಕೇಳಿ, ಈ ಹಕ್ಕು ಬಡವರೆಂದು ಗುರುತಿಸಿದವರಿಗೆ ಸೀಮಿತವಾಗಬಾರದು, ಹಳ್ಳಿಯ ಎಲ್ಲ ಕುಟುಂಬಗಳಿಗೂ ಸಿಗಬೇಕು ಎಂದು ಶಿಫಾರಸು ಮಾಡಿತು. 2005ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆ ಮಿತಿ ಇರಲಿಲ್ಲ. ಇದರ ಪೂರ್ತಿ ಶ್ರೇಯ ಸಮಿತಿಯದೇ ಎಂದು ನಾನು ಹೇಳುವುದಿಲ್ಲ. ಹೊರಗೆ ಜನಸಂಘಟನೆಗಳು ಹೋರಾಡಿದವು, ರಾಷ್ಟ್ರೀಯ ಸಲಹಾ ಮಂಡಳಿಯೂ ಒತ್ತಾಯಿಸಿತು. ಆದರೆ ಆ ಒತ್ತಾಯವೆಲ್ಲ ಕಾನೂನಿನ ಭಾಷೆಯಾಗಿ ಸಂಸತ್ತಿನ ದಾಖಲೆಗೆ ಸೇರಿದ್ದು ಸಮಿತಿಯ ಮೂಲಕ. ವಿರೋಧ ಪಕ್ಷದ ನಾಯಕರೊಬ್ಬರ ಅಧ್ಯಕ್ಷತೆಯಲ್ಲಿ ಸರ್ಕಾರದ ಮಸೂದೆಯೊಂದು ಸುಧಾರಿಸಿತು.

ಅದೇ ವರ್ಷದ ಇನ್ನೊಂದು ಕಾಯ್ದೆ ಮಾಹಿತಿ ಹಕ್ಕಿನದು. 2004ರ ಕೊನೆಯಲ್ಲಿ ಮಂಡನೆಯಾದ ಮಸೂದೆ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ಅನ್ವಯಿಸುವಂತಿತ್ತು. ನಮ್ಮ ದಿನನಿತ್ಯದ ಕೆಲಸ ಕೇಂದ್ರದ ಕಚೇರಿಗಳಲ್ಲಿ ಎಷ್ಟಿರುತ್ತದೆ? ಪಹಣಿ, ಪಡಿತರ, ಪಿಂಚಣಿ, ಕಾಲುವೆ ನೀರು ಎಲ್ಲವೂ ರಾಜ್ಯದ ಕಚೇರಿಗಳಲ್ಲಿ. ಸಿಬ್ಬಂದಿ, ಸಾರ್ವಜನಿಕ ಕುಂದುಕೊರತೆ ಮತ್ತು ಕಾನೂನು ವಿಷಯಗಳ ಸ್ಥಾಯಿ ಸಮಿತಿ ಇದನ್ನು ಪರಿಶೀಲಿಸಿ, ಕಾಯ್ದೆಯನ್ನು ರಾಜ್ಯಗಳಿಗೂ ವಿಸ್ತರಿಸಬೇಕೆಂದಿತು. ಸರ್ಕಾರ ಒಪ್ಪಿತು. ಸಿಂಧನೂರಿನ ರೈತರೊಬ್ಬರು ಇಂದು ತಹಶೀಲ್ದಾರ್ ಕಚೇರಿಗೆ ಹತ್ತು ರೂಪಾಯಿಯ ಅರ್ಜಿ ಹಾಕಿ ಕಡತದ ನಕಲು ಕೇಳಲು ಸಾಧ್ಯವಾಗಿದ್ದರಲ್ಲಿ ಆ ತಿದ್ದುಪಡಿಯ ಪಾತ್ರ ದೊಡ್ಡದು.

ಈ ಎರಡು ಉದಾಹರಣೆಗಳನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಸಂಸತ್ತು ಎಂದಕೂಡಲೇ ಟಿವಿಯಲ್ಲಿ ಕಾಣುವ ಗದ್ದಲ, ಘೋಷಣೆ, ಸಭಾತ್ಯಾಗವೇ ನೆನಪಾಗುತ್ತದೆ. ಇಲ್ಲಿನ ಯುವಕರಲ್ಲಿ ಬಹುಪಾಲು ಜನ ಅದನ್ನೇ ಸಂಸತ್ತು ಎಂದುಕೊಂಡಿದ್ದೀರಿ. ಕ್ಯಾಮೆರಾ ಇಲ್ಲದ ಕೋಣೆಗಳಲ್ಲಿ, ಮೇಜಿನ ಸುತ್ತ ಕೂತು, ಮಸೂದೆಯ ಒಂದೊಂದು ಖಂಡವನ್ನೂ ಬಜೆಟ್ಟಿನ ಒಂದೊಂದು ಬೇಡಿಕೆಯನ್ನೂ ಓದುವ ಸಂಸತ್ತು ಬೇರೆಯೇ ಇದೆ. ಆ ಸಂಸತ್ತು ಸೊರಗುತ್ತಿದೆ ಎಂಬುದು ನನ್ನ ಆತಂಕ. ಅದು ಸೊರಗಿದಷ್ಟೂ ಮೊದಲು ಪೆಟ್ಟು ಬೀಳುವುದು ನಮ್ಮಂಥ ಜಿಲ್ಲೆಗಳಿಗೆ.

ವ್ಯವಸ್ಥೆ ಹೇಗಿದೆ ಎಂದು ಚುಟುಕಾಗಿ ಹೇಳುತ್ತೇನೆ. ಇಲಾಖಾ ಸಂಬಂಧಿತ ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾದಾಗ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಕೃಷಿ, ಜಲಸಂಪನ್ಮೂಲ, ಕಲ್ಲಿದ್ದಲು–ಗಣಿ–ಉಕ್ಕು, ಗ್ರಾಮೀಣಾಭಿವೃದ್ಧಿ ಹೀಗೆ ಎಲ್ಲ ಸಚಿವಾಲಯಗಳೂ ಯಾವುದಾದರೂ ಒಂದು ಸಮಿತಿಯ ಕೆಳಗೆ ಬರುತ್ತವೆ. ಸಚಿವರು ಸದಸ್ಯರಾಗುವಂತಿಲ್ಲ. ಇವಲ್ಲದೆ ಒಂದೇ ಮಸೂದೆಗಾಗಿ ರಚನೆಯಾಗುವ ಆಯ್ಕೆ ಸಮಿತಿ, ಎರಡೂ ಸದನಗಳ ಜಂಟಿ ಸಮಿತಿಗಳೂ ಇವೆ. ಆಯ್ಕೆ ಸಮಿತಿ, ಜಂಟಿ ಸಮಿತಿಗಳು ಮಸೂದೆಯನ್ನೇ ತಿದ್ದಿ ಸದನಕ್ಕೆ ಮರಳಿಸಬಲ್ಲವು. ಸ್ಥಾಯಿ ಸಮಿತಿ ಶಿಫಾರಸು ಮಾಡುತ್ತದೆ, ತಿದ್ದುಪಡಿ ತರುವುದು ಬಿಡುವುದು ಸರ್ಕಾರಕ್ಕೆ ಬಿಟ್ಟದ್ದು.

ಮಸೂದೆ ಸಮಿತಿಗೆ ಬಂದ ಮೇಲೆ ಮೊದಲು ಸಂಬಂಧಪಟ್ಟ ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ, ಈ ಕಾನೂನು ಏಕೆ ಬೇಕು ಎಂದು ಕೇಳುತ್ತಾರೆ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸುತ್ತಾರೆ. ರೈತ ಸಂಘಟನೆ, ಕಾರ್ಮಿಕ ಸಂಘ, ಉದ್ಯಮಿಗಳು, ವಕೀಲರು, ರಾಜ್ಯ ಸರ್ಕಾರಗಳು ಬಂದು ಹೇಳಿಕೆ ಕೊಡುತ್ತವೆ. ಆಮೇಲೆ ಖಂಡವಾರು ಪರಿಶೀಲನೆ. ಒಪ್ಪದ ಸದಸ್ಯರು ಭಿನ್ನಾಭಿಪ್ರಾಯದ ಟಿಪ್ಪಣಿ ಬರೆಯುತ್ತಾರೆ; ಅದೂ ವರದಿಯ ಜೊತೆಗೇ ಅಚ್ಚಾಗುತ್ತದೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪಕ್ಷದ ವಿಪ್ ಇಲ್ಲಿ ನಡೆಯುವುದಿಲ್ಲ ಎಂಬುದು. ಸದನದಲ್ಲಿ ಪಕ್ಷ ಕೈ ಎತ್ತು ಎಂದರೆ ಎತ್ತಬೇಕು. ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಸಮಿತಿಯಲ್ಲಿ ಆ ಕತ್ತಿ ತಲೆಯ ಮೇಲೆ ತೂಗುವುದಿಲ್ಲ. ಆಡಳಿತ ಪಕ್ಷದ ಸಂಸದರೊಬ್ಬರು ತಮ್ಮ ಸರ್ಕಾರದ ಅಧಿಕಾರಿಯನ್ನೇ, ಈ ನಿಯಮ ನಮ್ಮ ಕ್ಷೇತ್ರದಲ್ಲಿ ನಡೆಯುವುದಿಲ್ಲ ಎಂದು ನಿಲ್ಲಿಸಿ ಕೇಳಲು ಸಾಧ್ಯವಿರುವ ಜಾಗ ಅದು.

ಈಗ ಆತಂಕದ ಮಾತು. 15ನೇ ಲೋಕಸಭೆಯ ಅವಧಿಯಲ್ಲಿ, ಅಂದರೆ 2009ರಿಂದ 2014ರವರೆಗೆ, ನೂರಕ್ಕೆ 71ರಷ್ಟು ಮಸೂದೆಗಳು ಸಮಿತಿಗಳಿಗೆ ಹೋಗಿದ್ದವು. ಮುಂದಿನ ಲೋಕಸಭೆಯಲ್ಲಿ ಇದು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು. 2019ರಿಂದ 2024ರವರೆಗಿನ 17ನೇ ಲೋಕಸಭೆಯಲ್ಲಿ ನೂರಕ್ಕೆ 16.

2020ರ ಮೂರು ಕೃಷಿ ಕಾಯ್ದೆಗಳನ್ನು ನೆನಪಿಸಿಕೊಳ್ಳಿ. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ. ಆಯ್ಕೆ ಸಮಿತಿಗೆ ಕಳಿಸಿ ಎಂಬ ಸೂಚನೆಗಳು ರಾಜ್ಯಸಭೆಯ ಗದ್ದಲದ ನಡುವೆ ಧ್ವನಿಮತದಲ್ಲಿ ಬಿದ್ದುಹೋದವು. ಆ ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ಬಗ್ಗೆ ಈ ಸಭೆಯಲ್ಲೇ ಎರಡು ಅಭಿಪ್ರಾಯಗಳಿರಬಹುದು. ರಾಯಚೂರಿನ ಎಪಿಎಂಸಿಗೆ ಹತ್ತಿ ತರುವ ರೈತರನ್ನೂ, ಗಂಗಾವತಿಯ ಭತ್ತದ ಬೆಳೆಗಾರರನ್ನೂ, ದಲಾಲರನ್ನೂ, ಹಮಾಲರನ್ನೂ ಸಮಿತಿಯ ಮುಂದೆ ಕೂರಿಸಿ ಮೂರು ತಿಂಗಳು ಕೇಳಿದ್ದರೆ ಆಗುತ್ತಿದ್ದ ನಷ್ಟವಾದರೂ ಏನು? ಕೇಳಲಿಲ್ಲ. ರೈತರು ದೆಹಲಿಯ ಗಡಿಗಳಲ್ಲಿ ಒಂದು ವರ್ಷ ಕೂತರು. 2021ರ ನವೆಂಬರ್ 29ರಂದು ಕಾಯ್ದೆಗಳನ್ನು ರದ್ದುಗೊಳಿಸುವ ಮಸೂದೆಯನ್ನು ಎರಡೂ ಸದನಗಳು ಒಪ್ಪಿದವು. ರದ್ದತಿ ಮಸೂದೆಯ ಮೇಲೂ ಚರ್ಚೆ ಆಗಲಿಲ್ಲ.

ಮಾಹಿತಿ ಹಕ್ಕಿನ ಕತೆಯೂ ಮುಂದುವರಿದಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2019ರ ಮಸೂದೆ ಜಂಟಿ ಸಮಿತಿಗೆ ಹೋಗಿತ್ತು. ಸಮಿತಿ ಎರಡು ವರ್ಷ ಕೂತು 81 ತಿದ್ದುಪಡಿಗಳನ್ನು ಸೂಚಿಸಿತು. 2022ರ ಆಗಸ್ಟ್‌ನಲ್ಲಿ ಸರ್ಕಾರ ಮಸೂದೆಯನ್ನೇ ವಾಪಸು ಪಡೆಯಿತು. ಅದರ ಬದಲಿಗೆ ತಂದ ಹೊಸ ಮಸೂದೆ 2023ರ ಆಗಸ್ಟ್ 3ರಂದು ಮಂಡನೆಯಾಗಿ, 9ರ ಹೊತ್ತಿಗೆ ಎರಡೂ ಸದನಗಳನ್ನು ದಾಟಿತು. ಈ ಬಾರಿ ಸಮಿತಿ ಇಲ್ಲ. ಅದರ ಕೊನೆಯ ಪುಟಗಳಲ್ಲಿದ್ದ ಒಂದು ಖಂಡ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನು ಬದಲಿಸಿತು. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಎಂದು ಆ ಸೆಕ್ಷನ್ನಿನಲ್ಲೇ ಇದ್ದ ಮಾತು ಹೋಯಿತು. ಸೆಕ್ಷನ್ 8(2)ರಲ್ಲಿ ಅಂಥದೇ ಅವಕಾಶ ಉಳಿದಿದೆ ಎಂಬುದು ಸರ್ಕಾರದ ಸಮರ್ಥನೆ. ಇರಬಹುದು. ಆದರೆ ಕೂಲಿಕಾರರ ಹಾಜರಿ ಪಟ್ಟಿ, ಫಲಾನುಭವಿಗಳ ಪಟ್ಟಿ ಕೇಳಿದಾಗ ತಾಲ್ಲೂಕು ಮಟ್ಟದ ಮಾಹಿತಿ ಅಧಿಕಾರಿ ಯಾವ ಸೆಕ್ಷನ್ ಓದುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ಸಮಿತಿಯ ಮುಂದೆ ಹೇಳಲು ಅನುಭವಸ್ಥರು ಬೇಕಾದಷ್ಟು ಜನ ಇದ್ದರು. 2005ರಲ್ಲಿ ಸಮಿತಿಯೊಂದು ಅಗಲಗೊಳಿಸಿದ ಬಾಗಿಲನ್ನು 2023ರಲ್ಲಿ ಯಾವ ಸಮಿತಿಯೂ ನೋಡದೆ ಕಿರಿದು ಮಾಡಿದ್ದು ನನಗೆ ಬಹಳ ನೋವು ತಂದ ಸಂಗತಿ.

ಹಾಗೆಂದು ಸಮಿತಿಗೆ ಕಳಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ನಂಬಿಸಲು ಬಂದಿಲ್ಲ. 2011ರ ಭೂಸ್ವಾಧೀನ ಮಸೂದೆಯನ್ನು ಪರಿಶೀಲಿಸಿದ ಸುಮಿತ್ರಾ ಮಹಾಜನ್ ನೇತೃತ್ವದ ಸಮಿತಿ, ಖಾಸಗಿ ಕಂಪನಿಗಳಿಗಾಗಿ ಸರ್ಕಾರ ಭೂಮಿ ವಶಪಡಿಸಿಕೊಡಬಾರದು ಎಂದಿತ್ತು. ಸರ್ಕಾರ ಒಪ್ಪಲಿಲ್ಲ. ನೂರಕ್ಕೆ 80ರಷ್ಟು ಭೂಮಾಲೀಕರ ಒಪ್ಪಿಗೆ ಇದ್ದರೆ ಪಡೆಯಬಹುದು ಎಂದು 2013ರ ಕಾಯ್ದೆ ಬಂತು. ಬಳ್ಳಾರಿ ಜಿಲ್ಲೆಯ ಕುಡಿತಿನಿ ಸುತ್ತಲಿನ ರೈತರು ಉಕ್ಕಿನ ಕಾರ್ಖಾನೆಗಳ ಹೆಸರಿನಲ್ಲಿ ಜಮೀನು ಕೊಟ್ಟು, ಕಾರ್ಖಾನೆಯೂ ಬರದೆ, ನ್ಯಾಯವಾದ ಬೆಲೆಯೂ ಸಿಗದೆ ಧರಣಿ ಕೂತದ್ದನ್ನು ಕಂಡವರಿಗೆ ಆ ಶಿಫಾರಸಿನ ಬೆಲೆ ಗೊತ್ತಾಗುತ್ತದೆ.

ಸಮಿತಿ ರಚಿಸಿ ಉಸಿರಾಡಲು ಬಿಡದಿರುವುದೂ ಉಂಟು. ಗಣಿ ಮತ್ತು ಖನಿಜ ಕಾಯ್ದೆಯ 2015ರ ತಿದ್ದುಪಡಿ ಸಂಡೂರಿನ ಬೆಟ್ಟಗಳಿಗೆ ನೇರವಾಗಿ ಸಂಬಂಧಿಸಿದ್ದು. ಗುತ್ತಿಗೆಗೆ ಹರಾಜು ಕಡ್ಡಾಯವಾದದ್ದು, ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳಿಗೆ ನೆರವಾಗುವ ಜಿಲ್ಲಾ ಖನಿಜ ಪ್ರತಿಷ್ಠಾನ ಹುಟ್ಟಿದ್ದು ಅದರಿಂದಲೇ. ಹಳೆಯ ಗುತ್ತಿಗೆದಾರರು ರಾಜಧನದ ನೂರಕ್ಕೆ 30ರಷ್ಟನ್ನು, ಹರಾಜಿನಲ್ಲಿ ಪಡೆದವರು 10ರಷ್ಟನ್ನು ಈ ಪ್ರತಿಷ್ಠಾನಕ್ಕೆ ಕಟ್ಟಬೇಕು. ಇಷ್ಟು ದೊಡ್ಡ ಬದಲಾವಣೆಯನ್ನು ಪರಿಶೀಲಿಸಲು ರಾಜ್ಯಸಭೆಯ ಆಯ್ಕೆ ಸಮಿತಿಗೆ ಸಿಕ್ಕಿದ್ದು ಒಂದು ವಾರ. ಧೂಳು ಕುಡಿಯುತ್ತಿರುವ ಹಳ್ಳಿಗಳಿಂದ ಒಬ್ಬರು ದೆಹಲಿಗೆ ಹೋಗಿ ಬರಲೂ ಆ ಅವಧಿ ಸಾಲದು. ಇದಕ್ಕೆ ವಿರುದ್ಧವಾದದ್ದು ಮಹಿಳಾ ಮೀಸಲಾತಿ ಮಸೂದೆ: 1996ರಲ್ಲೇ ಗೀತಾ ಮುಖರ್ಜಿ ನೇತೃತ್ವದ ಜಂಟಿ ಸಮಿತಿ ವರದಿ ಕೊಟ್ಟಿತು, ಸಂವಿಧಾನ ತಿದ್ದುಪಡಿ ಆಗಿದ್ದು 2023ರಲ್ಲಿ.

ಇನ್ನು ಹಣದ ವಿಷಯಕ್ಕೆ ಬರುತ್ತೇನೆ. ಸರ್ಕಾರದ ಲೆಕ್ಕಪತ್ರದ ಕೆಲಸದಲ್ಲೇ ಆಯುಷ್ಯ ಕಳೆದವನಾದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಲು ಅನುಮತಿ ಕೊಡಿ.

ಸಂಸತ್ತಿನ ಒಪ್ಪಿಗೆ ಇಲ್ಲದೆ ಸಂಚಿತ ನಿಧಿಯಿಂದ ಒಂದು ಪೈಸೆ ತೆಗೆಯುವಂತಿಲ್ಲ ಎಂಬುದು ಸಂವಿಧಾನದ ಕಟ್ಟಳೆ. ಬಜೆಟ್ ಮಂಡನೆಯಾಗಿ ಸಾಮಾನ್ಯ ಚರ್ಚೆ ಮುಗಿದ ಮೇಲೆ ಸದನಗಳಿಗೆ ಕೆಲವು ವಾರ ಬಿಡುವು ಇರುತ್ತದೆ. ಟಿವಿಯವರು ಅದನ್ನು ವಿರಾಮ ಎನ್ನುತ್ತಾರೆ. ಸಮಿತಿಗಳಿಗೆ ಅದೇ ಸುಗ್ಗಿ. ಒಂದೊಂದು ಸಚಿವಾಲಯದ ಅನುದಾನ ಬೇಡಿಕೆಯೂ, ಅಂದರೆ ಆ ವರ್ಷಕ್ಕೆ ಅದು ಕೇಳುವ ಹಣದ ವಿವರವೂ, ಸ್ಥಾಯಿ ಸಮಿತಿಯ ಮುಂದೆ ಬರುತ್ತದೆ. ಹೋದ ವರ್ಷ ಕೊಟ್ಟ ಹಣದಲ್ಲಿ ಖರ್ಚಾಗಿದ್ದೆಷ್ಟು? ಪರಿಷ್ಕೃತ ಅಂದಾಜಿನಲ್ಲಿ ಕಡಿತ ಮಾಡಿದ್ದೇಕೆ? ರಾಜ್ಯಗಳಿಂದ ಬಳಕೆ ಪ್ರಮಾಣಪತ್ರ ಬಂದಿದೆಯೇ? ಇಂಥ ಪ್ರಶ್ನೆಗಳಿಗೆ ಕಾರ್ಯದರ್ಶಿಗಳು ಉತ್ತರಿಸಬೇಕು.

ಆಮೇಲೆ ಸದನದಲ್ಲಿ ನಾಲ್ಕೈದು ಸಚಿವಾಲಯಗಳ ಬೇಡಿಕೆ ಚರ್ಚೆಯಾದರೆ ಹೆಚ್ಚು. ಕೊನೆಯ ದಿನ ಉಳಿದದ್ದನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ ಗಿಲೋಟಿನ್ ಎನ್ನುತ್ತಾರೆ. 2018ರ ಮಾರ್ಚ್‌ನಲ್ಲೂ 2023ರ ಮಾರ್ಚ್‌ನಲ್ಲೂ ಲೋಕಸಭೆ ಒಂದೂ ಬೇಡಿಕೆಯನ್ನು ಚರ್ಚಿಸದೆ ಇಡೀ ಬಜೆಟ್ಟನ್ನು ಹೀಗೆ ಒಪ್ಪಿತು. 2023ರಲ್ಲಿ ಆ ಮೊತ್ತ ಸುಮಾರು 45 ಲಕ್ಷ ಕೋಟಿ ರೂಪಾಯಿ. ಅಂಥ ವರ್ಷಗಳಲ್ಲಿ ಜನರ ಹಣದ ಬಗ್ಗೆ ಜನಪ್ರತಿನಿಧಿಗಳು ಕೇಳಿದ ಸವಿವರ ಪ್ರಶ್ನೆಗಳೆಲ್ಲ ಸಮಿತಿಯ ವರದಿಗಳಲ್ಲಿ ಮಾತ್ರ ಇರುತ್ತವೆ.

ಖರ್ಚಾದ ಮೇಲೆ ಕೇಳುವುದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ. 1921ರಲ್ಲಿ, ಬ್ರಿಟಿಷರ ಕಾಲದಲ್ಲೇ ಶುರುವಾದದ್ದು. 22 ಸದಸ್ಯರು, ಒಂದು ವರ್ಷದ ಅವಧಿ. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ. ನಮ್ಮ ರಾಜ್ಯದ ವಿಧಾನಮಂಡಲದಲ್ಲೂ ಇಂಥದೇ ಸಮಿತಿಯಿದೆ. ಇದರ ಕಣ್ಣು, ಕಿವಿ ಎರಡೂ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಲೆಕ್ಕ ನಿಯಂತ್ರಕರು ಮತ್ತು ಮಹಾಲೇಖಪಾಲರ ಕಚೇರಿ, ಅಂದರೆ ಸಿಎಜಿ.

ಒಂದು ಆಕ್ಷೇಪಣೆ ಹಳ್ಳಿಯಿಂದ ಸಮಿತಿಯವರೆಗೆ ಹೇಗೆ ಹೋಗುತ್ತದೆ ಎಂದು ನೋಡೋಣ. ನಮ್ಮ ಭಾಗದ ನೀರಿನಲ್ಲಿ ಫ್ಲೋರೈಡ್ ಇದೆ, ಕೆಲವು ಕಡೆ ಆರ್ಸೆನಿಕ್ ಇದೆ. ಅದಕ್ಕಾಗಿ ಹಳ್ಳಿ ಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ. ಒಂದು ಘಟಕದ ಕಡತ ಆಡಿಟ್ ತಂಡದ ಮೇಜಿಗೆ ಬಂತು ಎಂದುಕೊಳ್ಳಿ. ಕಾಮಗಾರಿ ಪೂರ್ಣವಾಗಿದೆ ಎಂದು ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಸಹಿ ಇದೆ. ಬಿಲ್ ಪಾಸಾಗಿರುವುದು ಮಾರ್ಚ್ ಕೊನೆಯ ವಾರ. ವೋಚರ್ ಇದೆ, ಮುದ್ರೆ ಇದೆ, ಎಲ್ಲವೂ ಕ್ರಮಬದ್ಧ. ತಂಡದಲ್ಲೊಬ್ಬರು ವಿದ್ಯುತ್ ಸಂಪರ್ಕದ ಕಾಗದ ಕೇಳುತ್ತಾರೆ. ಮೀಟರ್ ಕೂರಿಸಿದ ದಿನಾಂಕ ಅಕ್ಟೋಬರ್. ಹಾಗಾದರೆ ಮಾರ್ಚ್‌ನಲ್ಲಿ ಘಟಕವನ್ನು ನಡೆಸಿ, ನೀರು ಪರೀಕ್ಷಿಸಿ ಒಪ್ಪಿಕೊಂಡದ್ದು ಹೇಗೆ?

ಈ ಪ್ರಶ್ನೆಯನ್ನು ಅವರು ಹಾಫ್ ಮಾರ್ಜಿನ್ ಕಾಗದದಲ್ಲಿ ಬರೆಯುತ್ತಾರೆ. ಹಾಳೆಯ ಅರ್ಧದಲ್ಲಿ ಪ್ರಶ್ನೆ, ಇನ್ನರ್ಧ ಕಚೇರಿಯ ಉತ್ತರಕ್ಕೆ ಖಾಲಿ. ಆ ಖಾಲಿ ಅರ್ಧದಲ್ಲಿ ‘ಪರಿಶೀಲಿಸಿ ಉತ್ತರಿಸಲಾಗುವುದು’ ಎಂದು ಬರೆದು ಕೊಟ್ಟ ಎಷ್ಟೋ ಹಾಳೆಗಳನ್ನು ನಾನು ಸೇವೆಯಲ್ಲಿ ಕಂಡಿದ್ದೇನೆ. ಸಮಾಧಾನಕರ ಉತ್ತರ ಬರದಿದ್ದರೆ ಅದು ತಪಾಸಣಾ ವರದಿಯ ಕಂಡಿಕೆಯಾಗುತ್ತದೆ. ಅಂಥ ದೋಷ ಹಲವು ಕಡೆ ಸಿಕ್ಕರೆ, ಮೊತ್ತ ದೊಡ್ಡದಾದರೆ, ಕರಡು ಕಂಡಿಕೆಯಾಗಿ ಇಲಾಖೆಯ ಕಾರ್ಯದರ್ಶಿಗೆ ಹೋಗುತ್ತದೆ. ಅಲ್ಲಿಂದ ಸಿಎಜಿ ವರದಿಗೆ. ಸಂವಿಧಾನದ 151ನೇ ವಿಧಿಯಂತೆ ರಾಜ್ಯದ ವರದಿ ರಾಜ್ಯಪಾಲರ ಮೂಲಕ ವಿಧಾನಮಂಡಲದ ಮುಂದೆ ಬರುತ್ತದೆ. ಅದನ್ನು ಲೆಕ್ಕಪತ್ರ ಸಮಿತಿ ಕೈಗೆತ್ತಿಕೊಂಡಾಗ, ತಾಲ್ಲೂಕಿನಲ್ಲಿ ಉತ್ತರ ಸಿಗದ ಪ್ರಶ್ನೆಯನ್ನೇ ಬೆಂಗಳೂರಿನಲ್ಲಿ ಶಾಸಕರು ಕೇಳುತ್ತಾರೆ. ಎದುರಿಗೆ ಇಲಾಖೆಯ ಅತ್ಯುನ್ನತ ಅಧಿಕಾರಿ ಕೂತಿರುತ್ತಾರೆ. ಅಲ್ಲಿ ‘ಪರಿಶೀಲಿಸಿ ಉತ್ತರಿಸಲಾಗುವುದು’ ಎಂದು ಕೈತೊಳೆದುಕೊಳ್ಳುವುದು ಅಷ್ಟು ಸುಲಭವಲ್ಲ. ಸಮಿತಿ ಕರೆದಿದೆ ಎಂಬ ಪತ್ರ ಬಂದರೆ ಸಾಕು, ವರ್ಷಗಳಿಂದ ‘ಸಿಗುತ್ತಿಲ್ಲ’ ಎನ್ನುತ್ತಿದ್ದ ಕಡತ ಕಪಾಟಿನಿಂದ ಹೊರಬರುತ್ತದೆ.

ಇದರ ಕೊರತೆಗಳೂ ಕಣ್ಣಿಗೆ ಹೊಡೆಯುತ್ತವೆ. ಖರ್ಚು ಮಾಡಿದ ವರ್ಷ ಒಂದು, ವರದಿ ಬರುವ ವರ್ಷ ಇನ್ನೊಂದು, ಸಮಿತಿ ಕೂರುವ ಹೊತ್ತಿಗೆ ಬಿಲ್ ಪಾಸು ಮಾಡಿದವರು ನಿವೃತ್ತರಾಗಿರುತ್ತಾರೆ. ವರದಿಯಲ್ಲಿರುವ ನೂರಾರು ಕಂಡಿಕೆಗಳಲ್ಲಿ ಕೆಲವನ್ನೇ ಸಮಿತಿ ಆರಿಸಿಕೊಳ್ಳಲು ಸಾಧ್ಯ. 2008ರ ಕೃಷಿ ಸಾಲಮನ್ನಾ ಯೋಜನೆಯ ಬಗ್ಗೆ ಸಿಎಜಿ ವರದಿ ಸಂಸತ್ತಿಗೆ ಬಂದದ್ದು 2013ರಲ್ಲಿ. ಪರೀಕ್ಷಿಸಿದ ಖಾತೆಗಳಲ್ಲಿ ಐದನೇ ಒಂದಕ್ಕಿಂತ ಹೆಚ್ಚಿನವುಗಳಲ್ಲಿ ಲೋಪವಿದೆ, ಅರ್ಹರು ಬಿಟ್ಟುಹೋಗಿದ್ದಾರೆ, ಅನರ್ಹರಿಗೆ ಸಿಕ್ಕಿದೆ ಎಂದು ಅದರಲ್ಲಿತ್ತು. ಬಿಟ್ಟುಹೋದ ರೈತನಿಗೆ ಐದು ವರ್ಷ ತಡವಾಗಿ ಬಂದ ಈ ಸತ್ಯದಿಂದ ಏನು ಸಿಕ್ಕಿತು ಎಂದು ನೀವು ಕೇಳಬಹುದು. ಅವನಿಗೆ ಹೆಚ್ಚೇನೂ ಸಿಗಲಿಲ್ಲ. ಮುಂದಿನ ಸಾಲಮನ್ನಾದಲ್ಲಿ ಪಟ್ಟಿ ಮಾಡುವವರ ಮುಂದೆ ಇಡಲು ಒಂದು ದಾಖಲೆ ಉಳಿಯಿತು. ಅದನ್ನು ಬಳಸಿಕೊಳ್ಳುವುದು ನಮ್ಮ ಸಂಘಟನೆಗಳ ಕೆಲಸ.

ಕೊನೆಯದಾಗಿ ನಮ್ಮದೇ ವಿಧಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ದಶಕಗಳ ಹೋರಾಟದ ಫಲ ಅದು. 2012ರ ಸೆಪ್ಟೆಂಬರ್‌ನಲ್ಲಿ ಮಂಡನೆಯಾದ ಆ ಸಂವಿಧಾನ ತಿದ್ದುಪಡಿ ಮಸೂದೆಯೂ ಸಮಿತಿಗೆ ಹೋಗಿತ್ತು. ಅದನ್ನು ಪರಿಶೀಲಿಸಿದ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಅಧ್ಯಕ್ಷರಾಗಿದ್ದವರು ಆಗ ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿದ್ದ ಎಂ. ವೆಂಕಯ್ಯ ನಾಯ್ಡು. ಡಿಸೆಂಬರ್‌ನಲ್ಲಿ ಎರಡೂ ಸದನಗಳು ಒಪ್ಪಿದವು. ಮನಸ್ಸಿದ್ದರೆ ಸಮಿತಿಯ ಪರಿಶೀಲನೆಯೂ ನಡೆದು ಕೆಲವೇ ತಿಂಗಳಲ್ಲಿ ಸಂವಿಧಾನವನ್ನೇ ತಿದ್ದಬಹುದು. ಸಮಿತಿಗೆ ಕಳಿಸಿದರೆ ತಡವಾಗುತ್ತದೆ ಎನ್ನುವವರಿಗೆ ಈ ಉದಾಹರಣೆ ಕೊಡಿ.

371ಜೆ ಎಂದರೆ ನಮ್ಮ ಯುವಕರಿಗೆ ಮೀಸಲಾತಿ ಪ್ರಮಾಣಪತ್ರ ನೆನಪಾಗುತ್ತದೆ. ಆ ವಿಧಿಯ ಮೊದಲ ಸಾಲುಗಳು ಹೇಳುವುದು ಅಭಿವೃದ್ಧಿ ಮಂಡಳಿಯ ಬಗ್ಗೆ. ಮಂಡಳಿ ಇರಬೇಕು ಎನ್ನುವುದರ ಜೊತೆಗೇ, ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಎಂದಿದೆ. ಸಂವಿಧಾನದಲ್ಲೇ ಇದೆ! ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಎಷ್ಟು ಘೋಷಣೆ, ಎಷ್ಟು ಬಿಡುಗಡೆ, ಎಷ್ಟು ಖರ್ಚು, ಯಾವ ತಾಲ್ಲೂಕಿನಲ್ಲಿ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಲು ಸಂವಿಧಾನವೇ ವರ್ಷಕ್ಕೊಂದು ಅವಕಾಶ ಬರೆದಿಟ್ಟಿದೆ. ಮಂಡಳಿಗೆ ಹಣ ಹೆಚ್ಚಿಸಿ ಎಂದು ನಾವು ಕೂಗಿದಷ್ಟು ಜೋರಾಗಿ, ವರದಿ ಮಂಡಿಸಿ ಎಂದು ಕೂಗಿದ್ದನ್ನು ನಾನು ಕೇಳಿಲ್ಲ.

ಪ್ರಶ್ನೋತ್ತರದಲ್ಲಿ ಮಾನ್ವಿ ಕಡೆಯ ಪಂಚಾಯಿತಿ ಸದಸ್ಯೆಯೊಬ್ಬರು, “ಸರ್, ದೆಹಲಿಯ ಸಮಿತಿಗೆ ನಮ್ಮಂಥವರ ಮಾತು ಹೇಗೆ ಮುಟ್ಟುತ್ತದೆ? ನಮಗೆ ಇಂಗ್ಲಿಷ್ ಬರುವುದಿಲ್ಲ” ಎಂದರು. ಇದು ನಿಜವಾದ ತೊಡಕು. ಸಮಿತಿಯ ಜಾಹೀರಾತು ಬಂದ ಮೇಲೆ ಸಾಮಾನ್ಯವಾಗಿ ಎರಡು ವಾರ ಸಮಯವಿರುತ್ತದೆ, ಅಭಿಪ್ರಾಯವನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕೇಳುತ್ತಾರೆ. “ಅಕ್ಕಾ, ನೀವು ಕನ್ನಡದಲ್ಲಿ ಹೇಳಿ, ಬರೆದು ಕಳಿಸುವ ಕೆಲಸ ಇಲ್ಲಿ ಕೂತಿರುವ ಕಾಲೇಜಿನ ಮಕ್ಕಳದು” ಎಂದೆ. ಇದು ಬರೀ ಸಮಾಧಾನದ ಮಾತಲ್ಲ. ಲೋಕಸಭೆಯ ಅರ್ಜಿಗಳ ಸಮಿತಿಗೆ ಪ್ರಾದೇಶಿಕ ಭಾಷೆಯಲ್ಲೇ ಅರ್ಜಿ ಬರೆದು, ಸಹಿ ಮಾಡಿದ ಅನುವಾದವನ್ನು ಜೊತೆಗಿಟ್ಟು, ಸಂಸದರ ಮೂಲಕ ಸಲ್ಲಿಸುವ ಅವಕಾಶವಿದೆ. ಮಂಡನೆಯಾದ ಮಸೂದೆಯ ಬಗ್ಗೆಯೂ ಅರ್ಜಿ ಹಾಕಬಹುದು. ಮಸೂದೆ ಸದನಕ್ಕೆ ಬರುವ ಮುನ್ನವೇ ಕರಡನ್ನು 30 ದಿನ ಸಾರ್ವಜನಿಕರ ಮುಂದೆ ಇಡಬೇಕು ಎಂಬ 2014ರ ಕೇಂದ್ರದ ನೀತಿಯೂ ಇದೆ. ಅದು ಕಾಯ್ದೆಯಲ್ಲದ ಕಾರಣ ಇಲಾಖೆಗಳು ಮೀರುತ್ತವೆ. ಮೀರಿದಾಗ ಕೇಳಬೇಕು.

ವಿದ್ಯಾರ್ಥಿಯೊಬ್ಬರು, ಮುಚ್ಚಿದ ಬಾಗಿಲ ಹಿಂದೆ ನಡೆಯುವ ಸಭೆಯನ್ನು ನಾವು ನಂಬುವುದು ಹೇಗೆ ಎಂದು ಕೇಳಿದರು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಚರ್ಚೆ ಒಳಗೆ ನಡೆಯಲಿ. ಕ್ಯಾಮೆರಾ ಬಂದರೆ ಸದಸ್ಯರು ಮತ್ತೆ ಪಕ್ಷದ ಮುಖವಾಡ ಹಾಕಿಕೊಳ್ಳುತ್ತಾರೆ. ಆದರೆ ವರದಿ ಮಂಡನೆಯಾದ ಮೇಲೆ ಯಾರು ಏನು ಸಾಕ್ಷ್ಯ ಹೇಳಿದರು ಎಂಬುದು ಪೂರ್ತಿಯಾಗಿ ಪ್ರಕಟವಾಗಬೇಕು, ಸದಸ್ಯರ ಹಾಜರಾತಿಯೂ ಪ್ರಕಟವಾಗಬೇಕು. ಮುಖ್ಯ ಮಸೂದೆಗಳು ಕಡ್ಡಾಯವಾಗಿ ಸಮಿತಿಗೆ ಹೋಗುವಂತೆ ನಿಯಮವೇ ಬದಲಾಗಬೇಕು. ವರ್ಷಕ್ಕೊಮ್ಮೆ ಸದಸ್ಯರನ್ನು ಬದಲಿಸುವ ಪದ್ಧತಿಯೂ ಹೋಗಬೇಕು. ಒಬ್ಬ ಸಂಸದರು ನೀರಾವರಿಯ ಲೆಕ್ಕ ಅರ್ಥಮಾಡಿಕೊಳ್ಳುವ ಹೊತ್ತಿಗೆ ಅವರನ್ನು ಬೇರೆ ಸಮಿತಿಗೆ ಹಾಕಿದರೆ ಲಾಭ ಅಧಿಕಾರಿಗಳಿಗೆ ಮಾತ್ರ.

ನಮ್ಮ ಶಾಸಕರನ್ನು ಏನು ಕೇಳಬೇಕು ಎಂಬುದು ಕೊನೆಯ ಪ್ರಶ್ನೆ. ರಾಜ್ಯದಲ್ಲಿ ಮಸೂದೆಗಳು ಸಮಿತಿಗೆ ಹೋಗುವುದು ಬಹಳ ಅಪರೂಪ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು 2024ರಲ್ಲಿ ಜಂಟಿ ಸಮಿತಿಗೆ ಒಪ್ಪಿಸಿದರು. ಬೆಂಗಳೂರಿಗೆ ಸಿಕ್ಕ ಆ ಸಾವಧಾನ ನಮ್ಮ ಭಾಗಕ್ಕೆ ಸಂಬಂಧಿಸಿದ ಮಸೂದೆಗಳಿಗೂ ಸಿಗಲಿ ಎಂದು ಕೇಳಿ. ಅದಕ್ಕೂ ಮೊದಲು, 371ಜೆ ಪ್ರಕಾರ ಮಂಡಳಿಯ ವರದಿ ಈ ವರ್ಷ ವಿಧಾನಸಭೆಯಲ್ಲಿ ಮಂಡನೆಯಾಯಿತೇ, ಯಾವ ದಿನಾಂಕದಂದು, ಅದರ ಮೇಲೆ ನೀವು ಮಾತನಾಡಿದಿರಾ ಎಂದು ಬರವಣಿಗೆಯಲ್ಲಿ ಕೇಳಿ. ಸದನದಲ್ಲಿ ಮಂಡಿಸುವ ಕಾಗದಪತ್ರಗಳ ಪಟ್ಟಿ ಪ್ರತಿದಿನದ ಕಾರ್ಯಕಲಾಪ ಪಟ್ಟಿಯಲ್ಲೇ ಇರುತ್ತದೆ. ಶಾಸಕರ ಉತ್ತರವನ್ನು ಅದರೊಂದಿಗೆ ಹೋಲಿಸಿ ನೋಡಬಹುದು. ಪಟ್ಟಿಯಲ್ಲಿ ಮಂಡಳಿಯ ಹೆಸರು ಇಲ್ಲದಿದ್ದರೆ ವಿಧಾನಮಂಡಲದ ಕಾಗದಪತ್ರಗಳ ಸಮಿತಿಗೆ ಬರೆಯಿರಿ. ಮಂಡನೆಯಾಗಬೇಕಾದ ವರದಿಗಳು ಏಕೆ ತಡವಾದವು ಎಂದು ಇಲಾಖೆಗಳನ್ನು ಕೇಳುವುದೇ ಆ ಸಮಿತಿಯ ಕೆಲಸ.